ಬ್ಯಾನಿ ಟಿವಿ ಸೌಂಡ್ ಏರಿಸಲ್ಲ, ತಂಗಿ

ಶಹಾಪುರದ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅವರ ಅಣ್ಣನಿಗೆ ಮೂರು ವರ್ಷದ ಹಿಂದೆ ಕಲಬುರಗಿಯ ಡಾಕ್ಟರು ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವ ಕಾಯಿಲೆ, ಅಂದರಂತೆ. ಅಣ್ಣ ಹೆಂಡತಿಯನ್ನು ಹೊಡೆಯುತ್ತಾನೆ. ಪೊಲೀಸರಿಗೆ ಹೇಳಿ ಅಂತ ಓಣಿಯವರು ಅಂತಿದ್ದಾರೆ. "ಅಂವ ಹೊಡಿಯಲ್ರಿ, ಅವನ ಬ್ಯಾನಿ ಹೊಡೀತದ. ಬ್ಯಾನಿಗಿ ಶಿಕ್ಷಾ ಕೊಡ್ತಾರೇನ್ರಿ?" ಇದು ಅವರ ಪ್ರಶ್ನೆ.

ತಂಗಿ, ಅಣ್ಣನ ಮಾತ್ರೆಗಾಗಿ ಪ್ರತಿ ತಿಂಗಳು ಬಸ್ಸು ಹತ್ತಿ ಕಲಬುರಗಿಗೆ ಬರುತ್ತೀರಿ. ಅಷ್ಟು ಮಾಡುವವರು ಎಷ್ಟು ಜನ ಇದ್ದಾರೆ? ಆದ್ರೂ ನಿಮ್ಮ ಈ ಮಾತನ್ನು ನಾನು ಒಪ್ಪಲ್ಲ.

ಎದುರಿಗಿರೋದು ಹೆಂಡತಿಯೋ ದೆವ್ವವೋ ಗೊತ್ತಾಗದಷ್ಟು ತಲೆ ಕೆಡುವುದುಂಟು, ನಿಜ. ಅಂಥವರಿಗೆ ಕಾನೂನು ವಿನಾಯಿತಿ ಕೊಟ್ಟಿದೆ. ಮೊದಲು ಐಪಿಸಿಯ 84ನೇ ಕಲಂ ಇತ್ತು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಇದೆ. ಆದರೆ ಡಾಕ್ಟರ ಚೀಟಿ ಒಂದಿದ್ದರೆ ಸಾಲದು. ಕೈ ಎತ್ತಿದ ಆ ಹೊತ್ತಿನಲ್ಲಿ ತಾನೇನು ಮಾಡ್ತಿದ್ದೀನಿ ಅಂತಲೋ, ಅದು ತಪ್ಪು ಅಂತಲೋ ತಿಳಿಯುವ ಶಕ್ತಿ ಇರಲಿಲ್ಲ ಅಂತ ತೋರಿಸಬೇಕು. ಗುಜರಾತಿನಲ್ಲಿ ಹೆಂಡತಿಯನ್ನು ಕೊಂದವನೊಬ್ಬ ತಲೆ ಸರಿ ಇರಲಿಲ್ಲ ಅಂದಾಗ, 1964ರಲ್ಲಿ ಸುಪ್ರೀಂ ಕೋರ್ಟು ಆ ಹೊತ್ತನ್ನೇ ನೋಡಿತು, ಅವನ ಮಾತು ಒಪ್ಪಲಿಲ್ಲ.

ಈಗ ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ. ನಿದ್ದೆ ಬರುತ್ತೆ ಅಂತ ಮಾತ್ರೆ ಬಿಟ್ಟ. ಪಗಾರ ಆದ ದಿನ ಕುಡಿದು ಬರುತ್ತಾನೆ. ಹೊಡೆಯುವ ಮೊದಲು ಟಿವಿ ಸೌಂಡ್ ಜಾಸ್ತಿ ಮಾಡುತ್ತಾನೆ. ಇದೆಲ್ಲ ನೀವೇ ಬರೆದದ್ದು. ಪಕ್ಕದ ಮನೆಗೆ ಕೇಳಬಾರದು ಅಂತ ತಿಳಿದವನಿಗೆ ಮಾಡ್ತಿರೋದು ತಪ್ಪು ಅಂತ ತಿಳಿದಿರಲಿಲ್ವಾ?

ಆಳಂದದಲ್ಲಿ ನನ್ನ ಕಾಕಾ ಇದ್ದರು. ಸ್ಕಿಜೋಫ್ರೇನಿಯಾ. ಕಿವಿಯಲ್ಲಿ ಯಾರೋ ಮಾತಾಡುತ್ತಿದ್ದರು, ರಾತ್ರಿಯೆಲ್ಲ ಅಂಗಳದಲ್ಲಿ ತಿರುಗುತ್ತಿದ್ದರು. ತಲೆ ಬಿಸಿಯಾಗುವ ಸೂಚನೆ ಸಿಕ್ಕ ಕೂಡಲೇ ಕಾಕಿಯನ್ನು ಕರೆದು, "ಇವತ್ತ ನನ್ ತಲಿ ಸರಿ ಇಲ್ಲ, ತೊಗರಿ ಕೊಯ್ಯೋ ಕುಡಗೋಲ ಎತ್ತಿಡು, ಬಾಗಲ ಹಾಕ್ಕೋ" ಅನ್ನುತ್ತಿದ್ದರು. ಹಾಗಂದು ಹೊರಗೆ ಕಟ್ಟೆ ಮೇಲೆ ಹೋಗಿ ಕೂರುತ್ತಿದ್ದರು. ನನಗೆ ಬುದ್ಧಿ ಬಂದಾಗಿನಿಂದ ಅವರು ಯಾರ ಮೇಲೂ ಕೈ ಎತ್ತಿದ್ದು ನಾನು ಕಂಡಿಲ್ಲ. ಆದರೂ ಊರ ಹುಡುಗರು ಕಲ್ಲು ಹೊಡೆದದ್ದು ಅವರಿಗೇ.

ಹಾಗಾಗಿಯೇ ನನಗೆ ಸಿಟ್ಟು. ಎಲ್ಲೋ ಒಂದು ಕೊಲೆಯಾದರೆ ಸಂಜೆಯೊಳಗೆ ಟಿವಿಯಲ್ಲಿ 'ಮಾನಸಿಕ ಅಸ್ವಸ್ಥ' ಅಂತ ಬರುತ್ತೆ, ಆಮೇಲೆ ಸುಮ್ನೆ ಮಾತ್ರೆ ತಿಂದು ಕೆಲಸಕ್ಕೆ ಹೋಗುವವನಿಗೆ ಬಾಡಿಗೆ ಮನೆ ಸಿಗಲ್ಲ, ಅವನ ತಂಗಿಗೆ ಸಂಬಂಧ ಕೂಡಿ ಬರಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಹತ್ತಕ್ಕಿಂತ ಜಾಸ್ತಿ ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಅವರೆಲ್ಲ ಹೆಂಡತಿಯನ್ನು ಹೊಡೆಯುತ್ತಾರಾ? ನಿಮ್ಮಣ್ಣನ ಏಟನ್ನು ಕಾಯಿಲೆ ತಲೆಗೆ ಕಟ್ಟಿದಾಗ ಅವರೆಲ್ಲರ ಹೆಸರು ಕೆಡಿಸಿದ ಹಾಗಾಗುತ್ತೆ. ಅತ್ತ ಡಾಕ್ಟರ ಮುಖ ನೋಡುವ ಮೊದಲು ಗಾಣಗಾಪುರಕ್ಕೆ ಕರೆದೊಯ್ದು ವರ್ಷ ಕಳೆಯುವವರು ಇನ್ನೂ ಇದ್ದಾರೆ. ದತ್ತನಿಗೆ ಕೈ ಮುಗಿಯಿರಿ, ಬೇಡ ಅನ್ನಲ್ಲ, ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಶಿಕ್ಷೆ ಅಂದ್ರೆ ಜೈಲೇ ಅಂದುಕೊಂಡಿದ್ದೀರಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರು ಹೊಡೆಯಕೂಡದು, ಹೆಂಡತಿಯನ್ನು ಮನೆಯಿಂದ ಹಾಕಕೂಡದು ಅಂತ ಆದೇಶ ಕೊಡಬಹುದು. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಕೇಳಿ. ಅಣ್ಣನಿಗಾಗಿ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ಎರಡೂ ಒಟ್ಟಿಗೆ ಮಾಡಬಹುದು.

ಇನ್ನೊಂದು. ಎರಡು ಪುಟದಲ್ಲಿ ನಿಮ್ಮ ವೈನಿ ಒಂದೇ ಸಲ ಬರುತ್ತಾರೆ, ಅದೂ ಕೈಗೆ ಪ್ಲಾಸ್ಟರ್ ಹಾಕಿದ ಖರ್ಚಿನ ಲೆಕ್ಕದಲ್ಲಿ. ಅವರು ಏನಂತಾರೆ ಅಂತ ನೀವು ಬರೆದಿಲ್ಲ. ಕೇಳಿ, ಅಣ್ಣ ಮನೆಯಲ್ಲಿ ಇಲ್ಲದಾಗ ಕೇಳಿ.