ಓದುಗರ ಪ್ರಶ್ನೆ: ಅಮೆರಿಕದ ಅರವತ್ತರ ದಶಕ

ಪ್ರಶ್ನೆ: ಅಮೆರಿಕದ ಕಪ್ಪು ಜನರಿಗೆ 1870ರಲ್ಲೇ ಮತದ ಹಕ್ಕು ಸಿಕ್ಕಿತ್ತಲ್ಲ, 1965ರಲ್ಲಿ ಮತ್ತೊಂದು ಕಾಯ್ದೆ ಏಕೆ ಬೇಕಾಯಿತು?
— ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸಂವಿಧಾನದ 15ನೇ ತಿದ್ದುಪಡಿ ಹಕ್ಕು ಕೊಟ್ಟದ್ದು ನಿಜ. ಆದರೆ ಮತದಾರರು ತಾವೇ ಕಚೇರಿಗೆ ಹೋಗಿ ಹೆಸರು ನೋಂದಾಯಿಸಬೇಕಿತ್ತು. ದಕ್ಷಿಣದ ರಾಜ್ಯಗಳು ಹಕ್ಕನ್ನು ಕಿತ್ತುಕೊಂಡದ್ದು ಆ ಮೇಜಿನ ಮುಂದೆಯೇ. ಅಲಬಾಮಾದ ಸೆಲ್ಮಾದಲ್ಲಿ ನೋಂದಣಿ ನಡೆಯುತ್ತಿದ್ದುದು ತಿಂಗಳಿಗೆ ಎರಡು ದಿನ ಮಾತ್ರ. ಮಿಸಿಸಿಪ್ಪಿಯಲ್ಲಿ ರಾಜ್ಯ ಸಂವಿಧಾನದ ಒಂದು ವಿಧಿಯನ್ನು ನಕಲು ಮಾಡಿ, ಅದರ ಅರ್ಥ ಬರೆದು ತೋರಿಸಬೇಕು. ಯಾವ ವಿಧಿ ಎಂದು ಆರಿಸುವವನೂ ನೋಂದಣಿ ಅಧಿಕಾರಿ, ಉತ್ತರ ತಪ್ಪೆಂದು ಹೇಳುವವನೂ ಅವನೇ. ಓದಿದ ಕಪ್ಪು ಶಿಕ್ಷಕರೂ ಇಲ್ಲಿ ಫೇಲಾಗುತ್ತಿದ್ದರು. ಮೇಲ್ಮನವಿ ಹೆಸರಿಗಷ್ಟೇ.

1965ರ ಮಾರ್ಚ್ 7ರಂದು ಸೆಲ್ಮಾದ ಎಡ್ಮಂಡ್ ಪೆಟ್ಟಸ್ ಸೇತುವೆಯನ್ನು ಮತದ ಹಕ್ಕು ಕೇಳುತ್ತಾ ದಾಟಿದ ಸುಮಾರು 600 ಮೆರವಣಿಗೆಗಾರರನ್ನು ಪೊಲೀಸರು ಲಾಠಿ, ಅಶ್ರುವಾಯುಗಳಿಂದ ಹಿಮ್ಮೆಟ್ಟಿಸಿದರು. ಆ ರಾತ್ರಿ ದೇಶವೆಲ್ಲ ಅದನ್ನು ಟಿವಿಯಲ್ಲಿ ಕಂಡಿತು. ಆಗಸ್ಟ್ 6ರಂದು ಅಧ್ಯಕ್ಷ ಜಾನ್ಸನ್ ಮತದಾನದ ಹಕ್ಕು ಕಾಯ್ದೆಗೆ ಸಹಿ ಹಾಕಿದರು.

ಹಿಂದಿನ ಕಾಯ್ದೆಗಳು ಸೋತದ್ದೇಕೆಂದರೆ, ಕೋರ್ಟು ಒಂದು ನಿಯಮ ರದ್ದು ಮಾಡಿದರೆ ರಾಜ್ಯ ಇನ್ನೊಂದು ತರುತ್ತಿತ್ತು. ಹೊಸ ಕಾಯ್ದೆಯ 5ನೇ ಸೆಕ್ಷನ್ ಆ ದಾರಿಗೆ ಬೀಗ ಹಾಕಿತು: ಹೀಗೆ ಮತ ತಡೆದ ಚರಿತ್ರೆಯಿದ್ದ ಪ್ರದೇಶಗಳು ಚುನಾವಣಾ ನಿಯಮ ಬದಲಿಸುವ ಮೊದಲೇ ಕೇಂದ್ರ ಸರ್ಕಾರದ್ದೋ ವಾಷಿಂಗ್ಟನ್ ನ್ಯಾಯಾಲಯದ್ದೋ ಒಪ್ಪಿಗೆ ಪಡೆಯಬೇಕು. ನಮ್ಮ ಎಣಿಕೆಯಲ್ಲಿ ಆ ದಶಕದ ಅತ್ಯಂತ ಗಟ್ಟಿ ಕೆಲಸ ಇದೇ. ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ನೋಂದಣಿ ಶೇ 6.7 ಇದ್ದದ್ದು 1967ರ ವೇಳೆಗೆ ಶೇ 59.8ಕ್ಕೆ ಏರಿತು. ಯಾವ ಪ್ರದೇಶಗಳಿಗೆ ಈ ಷರತ್ತು ಎಂದು ಗುರುತಿಸುವ ಸೂತ್ರವನ್ನು ಸುಪ್ರೀಂ ಕೋರ್ಟ್ 2013ರಲ್ಲಿ ತೆಗೆದುಹಾಕಿತು. ಸೂತ್ರವಿಲ್ಲದೆ 5ನೇ ಸೆಕ್ಷನ್ ಹಾಳೆಯ ಮೇಲಷ್ಟೇ ಉಳಿದಿದೆ.

ಪ್ರಶ್ನೆ: ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಲಾಟರಿ ಎತ್ತಿ ಕಳಿಸಿದ್ದು ನಿಜವೇ?
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ನಿಜ. 1969ರ ಡಿಸೆಂಬರ್ 1ರಂದು, ಫೆಬ್ರುವರಿ 29 ಸೇರಿ 366 ಜನ್ಮದಿನಗಳ ಚೀಟಿಗಳನ್ನು ನೀಲಿ ಪ್ಲಾಸ್ಟಿಕ್ ಗುಳಿಗೆಗಳಲ್ಲಿಟ್ಟು ಗಾಜಿನ ಜಾಡಿಯಿಂದ ಎತ್ತಿದರು. ಮೊದಲು ಬಂದದ್ದು ಸೆಪ್ಟೆಂಬರ್ 14. 1944ರಿಂದ 1950ರೊಳಗೆ ಆ ದಿನ ಹುಟ್ಟಿದವರಿಗೆ 1ನೇ ಸಂಖ್ಯೆ, ಅಂದರೆ ಸೇನೆಗೆ ಮೊದಲ ಕರೆ.

ಎಡವಟ್ಟು ಆದದ್ದು ಕಲಸುವುದರಲ್ಲಿ. ಗುಳಿಗೆಗಳನ್ನು ತಿಂಗಳುವಾರು ಪೆಟ್ಟಿಗೆಗೆ ಸುರಿದು, ಅರೆಬರೆ ಕಲಸಿದ್ದರಿಂದ ವರ್ಷದ ಕೊನೆಯ ತಿಂಗಳುಗಳು ಬೇಗ ಕೈಗೆ ಸಿಕ್ಕವು. ಜನವರಿಯವರ ಸರಾಸರಿ ಸಂಖ್ಯೆ 201.2, ಡಿಸೆಂಬರಿನವರದು 121.5. ಸೇನೆಯ ಕರೆ 195ನೇ ಸಂಖ್ಯೆಯವರೆಗೆ ಹೋಯಿತು. ಹಾಗಾಗಿ ಈ ಅಂತರ ಜೀವದ ಪ್ರಶ್ನೆಯಾಗಿತ್ತು. ಮರುವರ್ಷ ದಿನಾಂಕಕ್ಕೊಂದು, ಸಂಖ್ಯೆಗೊಂದು ಡ್ರಮ್ ಇಟ್ಟು ಸರಿಪಡಿಸಿದರು. 18ಕ್ಕೇ ಯುದ್ಧಕ್ಕೆ ಕಳಿಸಬಹುದಾದವರಿಗೆ 21ರವರೆಗೆ ಮತವಿಲ್ಲ ಎಂಬ ಸಿಟ್ಟೇ ಬೆಳೆದು 1971ರ 26ನೇ ತಿದ್ದುಪಡಿಯಾಯಿತು. ಮತದಾನದ ವಯಸ್ಸು 18ಕ್ಕೆ ಇಳಿಯಿತು.

ಪ್ರಶ್ನೆ: ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಅಮೆರಿಕದಲ್ಲಿ ನೆಲೆಸತೊಡಗಿದ್ದು ಆಗಲೇ ಏಕೆ?
— ಓದುಗರು, ಮೈಸೂರು

ಉತ್ತರ: 1946ರ ಕಾಯ್ದೆಯಂತೆ ಭಾರತಕ್ಕೆ ವರ್ಷಕ್ಕೆ ಕೇವಲ 100 ವಲಸೆ ವೀಸಾ. 1965ರ ಅಕ್ಟೋಬರ್ 3ರಂದು ಜಾನ್ಸನ್ ಸಹಿ ಹಾಕಿದ ವಲಸೆ ಕಾಯ್ದೆ ಮೂಲದೇಶದ ಕೋಟಾ ತೆಗೆಯಿತು. ಮಿತಿ ದೇಶಕ್ಕೆ 20,000 ಆಯಿತು. ವೃತ್ತಿಪರರಿಗೆ ಪ್ರತ್ಯೇಕ ಆದ್ಯತೆ ಇದ್ದುದರಿಂದ ಮೊದಲು ಹೋದವರಲ್ಲಿ ವೈದ್ಯರು, ಎಂಜಿನಿಯರುಗಳೇ ಹೆಚ್ಚು. ಪೌರತ್ವ ಪಡೆದ ಮೇಲೆ ಅವರು ಅಣ್ಣತಮ್ಮಂದಿರು, ಅಕ್ಕತಂಗಿಯರಿಗೂ ಅರ್ಜಿ ಹಾಕಬಹುದಿತ್ತು.