ಕೊಳಲು ಯಾಕೆ ಜಾಗ ತಪ್ಪಿತು?

ಪ್ರಶ್ನೆ: ಮನೆಯಲ್ಲಿ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿದ ಕೊಳಲಿನ ತುಣುಕುಗಳನ್ನು ಸ್ಟುಡಿಯೋಗೆ ಕಳಿಸಿದೆ. ಅವರ ಸಾಫ್ಟ್‌ವೇರ್ ಪ್ರೊ ಟೂಲ್ಸ್‌ನಲ್ಲಿ ಎಲ್ಲವೂ ಹಾಡಿನ ಶುರುವಿಗೇ ಬಂದು ಕೂತವಂತೆ. ಯಾಕೆ?

ಉತ್ತರ: ನೀವು ಎಂಪಿ3 ಕಳಿಸಿದ್ದೀರಾ? ಹಾಗಿದ್ದರೆ ಜಾಗದ ಗುರುತು ಅಲ್ಲೇ ಹೋಯಿತು. ಬ್ರಾಡ್‌ಕಾಸ್ಟ್ ವೇವ್ (ಬಿಡಬ್ಲ್ಯೂಎಫ್) ಫೈಲಿನಲ್ಲಿ ಧ್ವನಿಯ ಜೊತೆಗೆ ‘ಬೆಕ್ಸ್ಟ್’ ಅನ್ನುವ ಪುಟ್ಟ ಭಾಗ ಇರುತ್ತದೆ. ತುಣುಕು ಎಲ್ಲಿ ಶುರುವಾಗಬೇಕು ಅನ್ನುವುದು ಅದರಲ್ಲಿ ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ) ಲೆಕ್ಕದಲ್ಲಿ ಬರೆದಿರುತ್ತದೆ. ನಿಮ್ಮ ಕೊಳಲು 1 ನಿಮಿಷ 12 ಸೆಕೆಂಡಿಗೆ ಬರಬೇಕು ಅಂದುಕೊಳ್ಳಿ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್‌ನಂತೆ, ಅದು 34,56,000. ಈ ಒಂದು ಸಂಖ್ಯೆ ಉಳಿದರೆ ಸಾಕು, ಪ್ರೊ ಟೂಲ್ಸ್‌ನ ಸ್ಪಾಟ್ ಮೋಡ್ ಅದನ್ನು ಸರಿಯಾದ ಜಾಗಕ್ಕೆ ಕೂರಿಸುತ್ತದೆ. ಸುಮ್ನೆ ಎಳೆದು ಹಾಕಿದರೆ ಆಗುವುದಿಲ್ಲ.

ರೀಪರ್‌ನಲ್ಲಿ ರೆಂಡರ್ ಮಾಡುವಾಗ (ಫೈಲಾಗಿ ಹೊರತೆಗೆಯುವಾಗ) ವೇವ್ ಆರಿಸಿ, ಬಿಡಬ್ಲ್ಯೂಎಫ್ ಮಾಹಿತಿ ಸೇರಿಸುವ ಗುರುತು ಹಾಕಿ. ಆದರೂ ನಾನು ಯಾರಿಗೇ ಕಳಿಸಲಿ, ಪ್ರತಿ ಟ್ರ್ಯಾಕನ್ನೂ ಹಾಡಿನ ಸೊನ್ನೆಯಿಂದಲೇ ಶುರುಮಾಡಿ, ಮೌನವನ್ನೂ ಸೇರಿಸಿ ಉದ್ದಕ್ಕೂ ತೆಗೆಯುತ್ತೇನೆ. ಆಗ ಎಲ್ಲವೂ ಶುರುವಿಗೇ ಬಂದು ಕೂತರೂ ಜಾಗ ತಪ್ಪುವುದಿಲ್ಲ. ಫೈಲ್ ದೊಡ್ಡದಾಗುತ್ತದೆ, ನಿಜ. ಆದರೆ ಒಮ್ಮೆ ಮೃದಂಗದ 14 ತುಣುಕುಗಳನ್ನು ಕಿವಿಯಿಂದಲೇ ಜೋಡಿಸುತ್ತಾ ರಾತ್ರಿಯಿಡೀ ಕೂತಿದ್ದೇನೆ. ಹಾಡಿನ ಲಯ ಎಷ್ಟು ಅನ್ನುವುದು ಬೆಕ್ಸ್ಟ್‌ನಲ್ಲಿ ಇರುವುದಿಲ್ಲ, ಅದನ್ನು ಫೈಲಿನ ಹೆಸರಿನಲ್ಲೇ ಬರೆದುಬಿಡಿ.