ಗುಂಯ್ ಒಂದು ಕಡೆ, ತಗಡಿನ ಸದ್ದು ಇನ್ನೊಂದು ಕಡೆ

ದಾವಣಗೆರೆಯ ಕಲ್ಯಾಣ ಮಂಟಪದಲ್ಲಿ ಅಕೌಸ್ಟಿಕ್ ಗಿಟಾರ್ ಆಂಪ್‌ಗೆ (ಸದ್ದು ಜೋರು ಮಾಡುವ ಪೆಟ್ಟಿಗೆ) ಹಾಕಿದರೆ ಗುಂಯ್ ಅನ್ನುತ್ತದೆ, ಸಣ್ಣ ತಂತಿಗಳು ತಗಡಿನ ಹಾಗೆ ಕೇಳುತ್ತವೆ ಅಂದಿರಿ ಅಲ್ವಾ? ಎರಡೂ ಬೇರೆ ಬೇರೆ ತೊಂದರೆ. ಮೊದಲು ಆಂಪ್‌ನ ಬೇಸ್, ಮಿಡ್, ಟ್ರೆಬಲ್ (ದಪ್ಪ, ನಡು, ತೆಳು ಸದ್ದಿನ) ನಾಬ್ ಎಲ್ಲ ನಡುವಿಗೆ ತನ್ನಿ.

ಗುಂಯ್ ಬರುವುದು ಹೆಚ್ಚಾಗಿ 100ರಿಂದ 250 ಹರ್ಟ್ಸ್ ಒಳಗೆ. ಸ್ಪೀಕರ್ ಸದ್ದಿಗೆ ಗಿಟಾರಿನ ಡಬ್ಬಿಯೇ ನಡುಗುತ್ತದೆ. ಬೇಸ್ ಸ್ವಲ್ಪ ಇಳಿಸಿ. ಒಂದು ಸಣ್ಣ ಪಟ್ಟಿಯ ಸದ್ದನ್ನು ಮಾತ್ರ ಕತ್ತರಿಸುವ ನಾಚ್ ನಾಬ್ ಇದ್ದರೆ ನಿಧಾನಕ್ಕೆ ತಿರುಗಿಸಿ, ಗುಂಯ್ ಪಟಕ್ಕನೆ ನಿಂತಲ್ಲಿ ಬಿಡಿ. ಸದ್ದಿನ ಅಲೆಯನ್ನು ತಿರುವುಮುರುವು ಮಾಡುವ ಫೇಸ್ ಬಟನ್ ಸಹ ಒತ್ತಿ ನೋಡಿ, ಅದನ್ನು ಸುಮ್ನೆ ಕೊಟ್ಟಿರುವುದಿಲ್ಲ.

ತಗಡಿನ ಸದ್ದು ಪಿಯೆಜೊ ಪಿಕಪ್‌ನದ್ದೇ (ತಂತಿಯ ನಡುಕವನ್ನು ಹಿಡಿದು ಆಂಪ್‌ಗೆ ಕಳಿಸುವ, ಗಿಟಾರಿನೊಳಗಿನ ಬಿಲ್ಲೆ) ಇರಬೇಕು. ಟ್ರೆಬಲ್ ಮುಟ್ಟಬೇಡಿ, ಮಿಡ್ ಇಳಿಸಿ. 2 ಕಿಲೋಹರ್ಟ್ಸ್ ಆಸುಪಾಸಿನಲ್ಲಿ 3 ಡೆಸಿಬೆಲ್ ಸಾಕು, ಜಾಸ್ತಿ ಇಳಿಸಿದರೆ ಗಿಟಾರ್ ಹಾಡಿನೊಳಗೆ ಮುಳುಗುತ್ತದೆ. ಜನ ತುಂಬಿದ ಮೇಲೆ ಟ್ರೆಬಲ್ ಮಂಕಾಗುತ್ತದೆ, ಆಗ ಒಂದು ಚೂರು ಏರಿಸಿ.